‘ಆತಂಕಪಡುವ ಅಗತ್ಯವಿಲ್ಲ’ ಎಂದು ಬರೆದವರಲ್ಲಿ ನಾನೂ ಒಬ್ಬಳು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಬಂದಿತ್ತು. ಆಸ್ಪತ್ರೆಯೊಂದರ ಕಂಪ್ಯೂಟರ್‌ಗಳಿಗೆ ಹ್ಯಾಕರ್‌ಗಳು ನುಗ್ಗಿದ್ದಾರೆ, ರೋಗಿಗಳ ಮಾಹಿತಿ ಸೋರಿರಬಹುದು ಎಂದು ಅದರಲ್ಲಿತ್ತು. ಕೊನೆಯ ಸಾಲು ಆಸ್ಪತ್ರೆಯ ಹೇಳಿಕೆ: ‘ರೋಗಿಗಳು ಆತಂಕಪಡುವ ಅಗತ್ಯವಿಲ್ಲ.’ ಅದನ್ನು ಓದಿ ಪೇಪರ್ ಮಡಚಿಟ್ಟೆ. ಆದರೆ ಇಡೀ ದಿನ ಅದೇ ಸಾಲು ತಲೆಯಲ್ಲಿ ಓಡುತ್ತಿತ್ತು. ಯಾಕೆಂದರೆ ಕೆಲವು ವರ್ಷಗಳ ಹಿಂದೆ, ಬೇರೊಂದು ಆಸ್ಪತ್ರೆಗೆ, ಇದೇ ಸಾಲನ್ನು ನಾನೇ ಬರೆದುಕೊಟ್ಟಿದ್ದೆ.

ನಾನು ವಕೀಲೆ. ಆದರೆ ಕೋರ್ಟಿಗೆ ಹೋಗುವುದು ಅಪರೂಪ. ಆಸ್ಪತ್ರೆ, ಲ್ಯಾಬ್, ಆರೋಗ್ಯ ವಿಮೆ ಕಂಪನಿಗಳು ನನ್ನ ಕಕ್ಷಿದಾರರು. ರೋಗಿಯ ಮಾಹಿತಿಯನ್ನು ಯಾರು ನೋಡಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾರಿಗೆ ಕೊಡಬಹುದು ಎಂದು ಹೇಳುವುದು ನನ್ನ ಕೆಲಸ. ಆ ಮಾಹಿತಿ ಕಳುವಾದಾಗ ಮೊದಲ ಫೋನ್ ಬರುವುದೂ ನನಗೇ. ಹದಿನಾಲ್ಕು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಮನೆಯಲ್ಲಿ ಮಲಗುವಾಗ ಫೋನ್ ಸೈಲೆಂಟ್ ಮಾಡುವ ಅಭ್ಯಾಸ ಬಿಟ್ಟುಹೋಗಿದೆ.

ಆ ರಾತ್ರಿ ಫೋನ್ ಬಂದಾಗ ಎರಡು ಗಂಟೆ ದಾಟಿತ್ತು. ಆಸ್ಪತ್ರೆಯ ಆಡಳಿತಾಧಿಕಾರಿ ಮಾತಾಡುತ್ತಿದ್ದರು. ನರ್ಸ್‌ಗಳ ಟೇಬಲ್ಲಿನ ಕಂಪ್ಯೂಟರ್‌ಗಳಲ್ಲಿ ಒಂದೇ ಸಂದೇಶ ಬಂದು ನಿಂತಿದೆ, ಯಾವ ಫೈಲೂ ತೆರೆಯುತ್ತಿಲ್ಲ, ದುಡ್ಡು ಕೇಳುತ್ತಿದ್ದಾರೆ ಎಂದರು. ನಾನು ಮೊದಲು ಕೇಳಿದ್ದು ಐಸಿಯು ಬಗ್ಗೆ. ಮಾನಿಟರ್, ವೆಂಟಿಲೇಟರ್ ನಡೀತಿವೆಯಾ? ನಡೆಯುತ್ತಿದ್ದವು. ಆಮೇಲೆ ಹೇಳಿದೆ: ನೆಟ್‌ವರ್ಕ್ ಕೇಬಲ್ ಕಿತ್ತು ಹಾಕಿ, ಆದರೆ ಕಂಪ್ಯೂಟರ್ ಆಫ್ ಮಾಡಬೇಡಿ. ಆಫ್ ಮಾಡಿದರೆ ಮೆಮೊರಿಯಲ್ಲಿರುವ ಸುಳಿವುಗಳು ಅಳಿಸಿಹೋಗುತ್ತವೆ. ಆಮೇಲೆ ಯಾರು ಬಂದರು, ಏನು ಒಯ್ದರು ಎಂದು ಹೇಳಲು ತನಿಖೆ ಮಾಡುವವರ ಹತ್ತಿರ ಏನೂ ಉಳಿಯುವುದಿಲ್ಲ. ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ಸ್ವಿಚ್ ಒತ್ತುವುದನ್ನೇ. ಅವರು ಅಷ್ಟರಲ್ಲಾಗಲೇ ಎರಡು ಕಂಪ್ಯೂಟರ್ ಆಫ್ ಮಾಡಿದ್ದರು.

ಸ್ವಲ್ಪ ಹೊತ್ತು ಬಿಟ್ಟು ಅವರು ದನಿ ತಗ್ಗಿಸಿ ಕೇಳಿದರು: ‘ಮೇಡಂ, ಇದನ್ನ ಪೇಶೆಂಟ್‌ಗಳಿಗೆ ಹೇಳಲೇಬೇಕಾ?’

ಈ ಪ್ರಶ್ನೆಯನ್ನು ನಾನು ಹತ್ತಾರು ಸಲ ಕೇಳಿಸಿಕೊಂಡಿದ್ದೇನೆ. ಕೇಳುವವರು ಕೆಟ್ಟವರಲ್ಲ. ಅವರಿಗೂ ಕಳ್ಳತನವಾಗಿದೆ, ಅವರೂ ಹೆದರಿದ್ದಾರೆ. ಆಸ್ಪತ್ರೆಯ ಹೆಸರು ಹಾಳಾದರೆ ನೂರಾರು ಜನರ ಕೆಲಸಕ್ಕೆ ಕುತ್ತು. ಆಗ ನಮ್ಮ ಕಾನೂನಿನಲ್ಲಿ ರೋಗಿಗೆ ಹೇಳಲೇಬೇಕು ಎಂಬ ಮಾತು ಈಗಿನಷ್ಟು ಸ್ಪಷ್ಟವಾಗಿ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಪತ್ರಿಕೆಗಳಿಗೆ ಒಂದು ಹೇಳಿಕೆ ಬೇಕಿತ್ತು. ಕೂತು ಬರೆದೆ. ‘ರೋಗಿಗಳು ಆತಂಕಪಡುವ ಅಗತ್ಯವಿಲ್ಲ.’ ಆ ಹೊತ್ತಿಗೆ ಯಾವ ಫೈಲ್ ಹೋಗಿದೆ, ಎಷ್ಟು ಹೋಗಿದೆ ಎಂದು ನನಗೂ ಗೊತ್ತಿರಲಿಲ್ಲ, ಆಸ್ಪತ್ರೆಗೂ ಗೊತ್ತಿರಲಿಲ್ಲ.

ರೋಗಿಗಳಿಗೆ ಪತ್ರ ಹೋಗಿದ್ದು ನಾಲ್ಕು ವಾರದ ನಂತರ. ಹೇಳಬೇಕು ಎಂದು ನಾನು ಪಟ್ಟು ಹಿಡಿದೆ, ಅವರು ಒಪ್ಪಿದರು. ಆದರೆ ಆ ಪತ್ರ ಹೇಗಿತ್ತು ಅಂತೀರಾ? ಎರಡು ಪುಟ. ‘ಅನಧಿಕೃತ ಪ್ರವೇಶದ ಘಟನೆ’, ‘ಕೆಲವು ದತ್ತಾಂಶಗಳು ಬಾಧಿತವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು’ ಎಂಬಂಥ ಸಾಲುಗಳು. ಒಂದೊಂದು ಪದವನ್ನೂ ತೂಗಿ ಬರೆದಿದ್ದೆ. ನಾಳೆ ಕೇಸ್ ಬಿದ್ದರೆ ಯಾವ ಪದವೂ ಆಸ್ಪತ್ರೆಯ ವಿರುದ್ಧ ನಿಲ್ಲಬಾರದು ಎಂಬುದೊಂದೇ ಲೆಕ್ಕ.

ಪತ್ರ ತಲುಪಿದ ದಿನ ಸಹಾಯವಾಣಿಗೆ ಒಬ್ಬ ಹೆಂಗಸು ಫೋನ್ ಮಾಡಿದರು. ಅಲ್ಲಿದ್ದವರಿಗೆ ಉತ್ತರ ಗೊತ್ತಿರಲಿಲ್ಲ, ನನಗೆ ಕೊಟ್ಟರು. ಅವರು ಪತ್ರವನ್ನು ಮೂರು ಸಲ ಓದಿದ್ದರಂತೆ. ‘ಮೇಡಂ, ನಂಗೆ ಇದು ಅರ್ಥ ಆಗ್ತಿಲ್ಲ. ನಂದು ಹೋಗಿದೆಯೋ ಇಲ್ವೋ ಅಷ್ಟು ಹೇಳಿ. ಗಂಡನ ಮನೆಯವರಿಗೆ ಗೊತ್ತಾಗುತ್ತಾ?’

ಅವರ ಕಾಯಿಲೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಮದುವೆಗೆ ಮುಂಚೆ ಆಗಿದ್ದು, ವಾಸಿಯೂ ಆಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಅಷ್ಟೇ ಸಾಕು. ನನ್ನ ಬಳಿ ಉತ್ತರ ಇರಲಿಲ್ಲ. ನಾಳೆ ತಿಳಿಸುತ್ತೇನೆ ಎಂದೆ.

‘ದುಡ್ಡೇನೂ ಹೋಗಿಲ್ಲವಲ್ಲ, ರಿಪೋರ್ಟ್ ತಾನೇ’ ಎನ್ನುವವರು ಈಗಲೂ ಇದ್ದಾರೆ. ಎಟಿಎಂ ಕಾರ್ಡ್ ಕಳುವಾದರೆ ಬ್ಲಾಕ್ ಮಾಡಿಸಬಹುದು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಹತ್ತು ವರ್ಷದ ಹಿಂದಿನ ಗರ್ಭಪಾತವನ್ನು, ಮನೋವೈದ್ಯರ ಹತ್ತಿರ ಅತ್ತಿದ್ದನ್ನು, ಎಚ್‌ಐವಿ ರಿಪೋರ್ಟನ್ನು ಹೇಗೆ ಬದಲಿಸುವುದು? ಫಿನ್‌ಲೆಂಡಿನಲ್ಲಿ ವಸ್ತಾಮೊ ಎಂಬ ಮನೋಚಿಕಿತ್ಸಾ ಕೇಂದ್ರವಿತ್ತು. ಅದರ ಸುಮಾರು 33,000 ಜನರ ದಾಖಲೆಗಳು ಕಳುವಾದವು. ಚಿಕಿತ್ಸಕರು ಬರೆದಿಟ್ಟ ಟಿಪ್ಪಣಿಗಳೂ ಅದರಲ್ಲಿದ್ದವು. ಕಂಪನಿ ದುಡ್ಡು ಕೊಡದಿದ್ದಾಗ, 2020ರ ಅಕ್ಟೋಬರ್‌ನಲ್ಲಿ, ಕಳ್ಳ ರೋಗಿಗಳಿಗೇ ಒಬ್ಬೊಬ್ಬರಿಗೆ ಇಮೇಲ್ ಕಳಿಸಿದ. ಬಿಟ್‌ಕಾಯಿನ್ ಕೊಡಿ, ಇಲ್ಲದಿದ್ದರೆ ನೀವು ಡಾಕ್ಟರ ಮುಂದೆ ಹೇಳಿದ್ದೆಲ್ಲ ಊರಿಗೆ ಹೇಳುತ್ತೇನೆ ಎಂದ. ಹಿಂದೆಯೂ ಹೀಗೆ ನುಗ್ಗಿದ್ದರು, ಅದು ಮುಖ್ಯಸ್ಥರಿಗೆ ಗೊತ್ತಿದ್ದರೂ ಮುಚ್ಚಿಟ್ಟಿದ್ದರು ಎಂದು ಹೇಳಿ ಆಡಳಿತ ಮಂಡಳಿ ಅವರನ್ನು ತೆಗೆದುಹಾಕಿತು. ಮರುವರ್ಷ ಕಂಪನಿ ದಿವಾಳಿಯಾಯಿತು. ತಪ್ಪಿತಸ್ಥನಿಗೆ 2024ರಲ್ಲಿ ಅಲ್ಲಿನ ಕೋರ್ಟ್ ಆರು ವರ್ಷ ಮೂರು ತಿಂಗಳ ಜೈಲು ವಿಧಿಸಿತು. ಆದರೆ ಆ ಟಿಪ್ಪಣಿಗಳು ಒಮ್ಮೆ ಇಂಟರ್‌ನೆಟ್ಟಿಗೆ ಬಿದ್ದ ಮೇಲೆ ವಾಪಸ್ ಬರಲಿಲ್ಲ. ಬರುವುದೂ ಇಲ್ಲ.

ಇನ್ನೊಂದು ಸಮಾಧಾನದ ಮಾತು ಕೇಳಿಬರುತ್ತದೆ: ‘ಹೆಸರು ತೆಗೆದುಹಾಕಿಯೇ ಕೊಟ್ಟಿದ್ದೇವೆ, ಯಾರದ್ದೆಂದು ಗೊತ್ತಾಗಲ್ಲ.’ ಸಂಶೋಧನೆಗೆ, ಸಾಫ್ಟ್‌ವೇರ್ ಕಂಪನಿಗಳಿಗೆ ಮಾಹಿತಿ ಕೊಡುವಾಗ ಆಸ್ಪತ್ರೆಗಳು ಹೀಗೆ ಹೇಳುತ್ತವೆ. ನಾನು ಅವರಿಗೆ ಲಟಾನ್ಯಾ ಸ್ವೀನಿ ಅವರ ಕತೆ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತ್ತು. ಜನರ ಗುಟ್ಟು ಕಾಪಾಡಿದ್ದೇವೆ ಎಂದು ಗವರ್ನರ್ ವಿಲಿಯಂ ವೆಲ್ಡ್ ಹೇಳಿದ್ದರು. ಸ್ವೀನಿ ಆಗ ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿ. 20 ಡಾಲರ್ ಕೊಟ್ಟು ಗವರ್ನರ್ ಇದ್ದ ಕೇಂಬ್ರಿಜ್ ನಗರದ ಮತದಾರರ ಪಟ್ಟಿ ತಂದು, ಆ ದಾಖಲೆಗಳ ಜೊತೆ ತಾಳೆ ನೋಡಿದರು. ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಆರು ಜನ ಸಿಕ್ಕರು. ಅದರಲ್ಲಿ ಗಂಡಸರು ಮೂವರು. ಗವರ್ನರ್ ಅವರ ಪಿನ್‌ಕೋಡ್‌ನಲ್ಲಿ ಇದ್ದವರು ಒಬ್ಬರೇ. ಗವರ್ನರ್ ಅವರ ಚಿಕಿತ್ಸೆಯ ದಾಖಲೆ ಸ್ವೀನಿ ಕೈಯಲ್ಲಿತ್ತು. ಆಮೇಲೆ ಲೆಕ್ಕ ಹಾಕಿದಾಗ, ಪಿನ್‌ಕೋಡ್, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬ ಮೂರೇ ಸಂಗತಿಯಿಂದ ಅಮೆರಿಕದ 87 ಶೇಕಡಾ ಜನರನ್ನು ಗುರುತಿಸಬಹುದು ಎಂದು ಅವರು ತೋರಿಸಿದರು. ಇದನ್ನು ಕೇಳಿದ ಮೇಲೆ ಒಂದು ಲ್ಯಾಬ್‌ನವರು ತಾವು ಹೊರಗೆ ಕೊಡುತ್ತಿದ್ದ ಫೈಲಿನಿಂದ ಹುಟ್ಟಿದ ದಿನಾಂಕ ತೆಗೆದು, ವಯಸ್ಸು ಮಾತ್ರ ಉಳಿಸಿದರು. ಅಂಥ ದಿನ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಕಳ್ಳರು ಒಳಗೆ ಹೇಗೆ ಬರುತ್ತಾರೆ ಎಂಬುದನ್ನು ಸಿನಿಮಾದಲ್ಲಿ ತೋರಿಸಿದಂತೆ ಕಲ್ಪಿಸಿಕೊಳ್ಳಬೇಡಿ. ಬಾಗಿಲು ತೆರೆದೇ ಇರುತ್ತದೆ. ಐರ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2021ರ ಮಾರ್ಚ್ 18ರಂದು ಸಿಬ್ಬಂದಿಯೊಬ್ಬರು ಇಮೇಲ್‌ನಲ್ಲಿ ಬಂದ ಎಕ್ಸೆಲ್ ಫೈಲ್ ತೆರೆದರು. ಅಷ್ಟೇ. ಆ ತಿಂಗಳ ಕೊನೆಗೆ ಆಂಟಿವೈರಸ್ ಅನುಮಾನ ತೋರಿಸಿತ್ತು, ಆದರೆ ಅದನ್ನು ಬರೀ ಗಮನಿಸುವಂತೆ ಇಟ್ಟಿದ್ದರು, ತಡೆಯುವಂತೆ ಇಟ್ಟಿರಲಿಲ್ಲ. ಮೇ 14ರಂದು ದೇಶದ ಆಸ್ಪತ್ರೆಗಳ ಕಂಪ್ಯೂಟರ್‌ಗಳು ಒಟ್ಟಿಗೇ ನಿಂತವು. ಎಂಟು ವಾರ ಕಳ್ಳರು ಒಳಗೇ ಓಡಾಡಿಕೊಂಡಿದ್ದರು. 2017ರ ಮೇ ತಿಂಗಳಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ಕಂಪ್ಯೂಟರ್ ವೈರಸ್ ಬಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಸಾವಿರಾರು ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆಯೇ ಕೊಟ್ಟಿತ್ತು. ಅಮೆರಿಕದಲ್ಲಿ ಆಸ್ಪತ್ರೆ ಬಿಲ್ಲುಗಳನ್ನು ನೋಡಿಕೊಳ್ಳುವ ಚೇಂಜ್ ಹೆಲ್ತ್‌ಕೇರ್‌ಗೆ 2024ರ ಫೆಬ್ರುವರಿಯಲ್ಲಿ ನುಗ್ಗಿದ್ದು ಒಂದು ಕದ್ದ ಪಾಸ್‌ವರ್ಡ್‌ನಿಂದ. ಆ ಲಾಗಿನ್‌ಗೆ ಒಟಿಪಿಯಂಥ ಎರಡನೇ ಬೀಗ ಇರಲಿಲ್ಲ. 2.2 ಕೋಟಿ ಡಾಲರ್ ಕೊಟ್ಟರೂ ಮಾಹಿತಿ ಉಳಿಯಲಿಲ್ಲ. ಸುಮಾರು 19 ಕೋಟಿ ಜನರದ್ದು ಹೋಯಿತು. ಅವರಲ್ಲಿ ಎಷ್ಟೋ ಜನ ಆ ಕಂಪನಿಯ ಹೆಸರನ್ನೇ ಕೇಳಿರಲಿಲ್ಲ. ಅವರು ಮಾಹಿತಿ ಕೊಟ್ಟಿದ್ದು ತಮ್ಮ ಡಾಕ್ಟರಿಗೆ.

ಇದಕ್ಕೇ ನನ್ನ ಹಗಲಿನ ಕೆಲಸದಲ್ಲಿ ಅರ್ಧ ಅಗ್ರಿಮೆಂಟ್ ಓದುವುದರಲ್ಲೇ ಹೋಗುತ್ತದೆ. ಆಸ್ಪತ್ರೆ ಒಂದು, ಆದರೆ ಅದರ ಹಿಂದೆ ಬಿಲ್ಲಿಂಗ್ ಸಾಫ್ಟ್‌ವೇರಿನವರು, ಸ್ಕ್ಯಾನ್ ಚಿತ್ರ ಇಟ್ಟುಕೊಳ್ಳುವವರು, ಮೆಸೇಜ್ ಕಳಿಸುವವರು, ವಿಮೆ ಕ್ಲೇಮ್ ನೋಡುವವರು ಇರುತ್ತಾರೆ. ‘ಭದ್ರತೆಗೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಅಗ್ರಿಮೆಂಟಿನಲ್ಲಿದ್ದರೆ ನಾನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತೇನೆ. ಯಾವ ಕ್ರಮ? ಬ್ಯಾಕಪ್ ಎಲ್ಲಿದೆ? ಅದೇ ನೆಟ್‌ವರ್ಕಿಗೆ ತಗಲಿಕೊಂಡಿದೆಯಾ? ಕಳುವಾದರೆ ಎಷ್ಟು ಗಂಟೆಯೊಳಗೆ ನಮಗೆ ಹೇಳುತ್ತೀರಿ? ಕೆಲಸ ಮುಗಿದ ಮೇಲೆ ನಮ್ಮ ರೋಗಿಗಳ ಫೈಲ್ ಅಳಿಸಿದ್ದೀರಿ ಎಂದು ಯಾರು ಸಹಿ ಹಾಕುತ್ತಾರೆ? ಬ್ಯಾಕಪ್ ಇದೆ ಎಂದ ಒಂದು ಕಡೆ, ಅದರಿಂದ ಒಂದು ಫೈಲ್ ವಾಪಸ್ ತೆಗೆದು ತೋರಿಸಿ ಎಂದೆ. ಬರಲಿಲ್ಲ. ಎಷ್ಟು ದಿನದಿಂದ ಬ್ಯಾಕಪ್ ಆಗುತ್ತಲೇ ಇರಲಿಲ್ಲವೋ, ಅವರಿಗೇ ಗೊತ್ತಿರಲಿಲ್ಲ.

ದೊಡ್ಡ ಹ್ಯಾಕಿಂಗ್ ಮಾತ್ರ ಸುದ್ದಿಯಾಗುತ್ತದೆ. ದಿನಾ ಸೋರುವುದು ಬೇರೆ ರೀತಿ. ಡಾಕ್ಟರುಗಳ ವಾಟ್ಸ್‌ಆ್ಯಪ್ ಗ್ರೂಪಿಗೆ ಸಲಹೆ ಕೇಳಲು ಎಕ್ಸ್‌ರೇ ಹಾಕುತ್ತಾರೆ, ಮೂಲೆಯಲ್ಲಿ ರೋಗಿಯ ಹೆಸರು ವಯಸ್ಸು ಇರುತ್ತದೆ. ವಾರ್ಡಿನ ಆರು ಜನಕ್ಕೆ ಒಂದೇ ಪಾಸ್‌ವರ್ಡ್, ಅದನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೇ ಅಂಟಿಸಿರುತ್ತಾರೆ. ಸಿಬ್ಬಂದಿಯೊಬ್ಬರು ಸುಮ್ನೆ ಕುತೂಹಲಕ್ಕೆ ನಾದಿನಿಯ ರಿಪೋರ್ಟ್ ತೆರೆದು ನೋಡಿದ್ದನ್ನು ನಾನೇ ವಿಚಾರಿಸಿದ್ದೇನೆ. ‘ನೋಡಿದೆ ಅಷ್ಟೇ, ಯಾರಿಗೂ ಹೇಳಿಲ್ಲ’ ಎಂದರು. ನೋಡಿದ್ದೇ ತಪ್ಪು ಎಂದು ಅವರಿಗೆ ಅರ್ಥ ಮಾಡಿಸಲು ಒಂದು ಮಧ್ಯಾಹ್ನ ಹಿಡಿಯಿತು.

ಹಾಗಂತ ಎಲ್ಲಕ್ಕೂ ಬೀಗ ಹಾಕಿ ಎಂದು ನಾನು ಹೇಳುತ್ತಿಲ್ಲ. ಪ್ರಜ್ಞೆ ಇಲ್ಲದೆ ಬಂದ ರೋಗಿಗೆ ಯಾವ ಔಷಧ ಆಗುವುದಿಲ್ಲ ಎಂದು ಡ್ಯೂಟಿ ಡಾಕ್ಟರಿಗೆ ಆ ಕ್ಷಣವೇ ಕಾಣಬೇಕು. ಒಳ್ಳೆಯ ಸಾಫ್ಟ್‌ವೇರಿನಲ್ಲಿ ಇದಕ್ಕೆ ತುರ್ತು ದಾರಿ ಇರುತ್ತದೆ. ಅನುಮತಿ ಇಲ್ಲದಿದ್ದರೂ ಡಾಕ್ಟರು ಕಾರಣ ಬರೆದು ಫೈಲ್ ತೆರೆಯಬಹುದು. ಯಾರು, ಎಷ್ಟು ಗಂಟೆಗೆ, ಯಾಕೆ ತೆರೆದರು ಎಂದು ಅಲ್ಲೇ ದಾಖಲಾಗುತ್ತದೆ, ಮರುದಿನ ಯಾರಾದರೂ ಅದನ್ನು ಪರಿಶೀಲಿಸುತ್ತಾರೆ. ಗುಟ್ಟು ಕಾಯುವ ಹೆಸರಿನಲ್ಲಿ ಚಿಕಿತ್ಸೆ ನಿಂತರೆ ಅದಕ್ಕಿಂತ ದೊಡ್ಡ ತಪ್ಪು ಇಲ್ಲ. ದೆಹಲಿಯ ಏಮ್ಸ್‌ನಲ್ಲಿ 2022ರ ನವೆಂಬರ್ 23ರಂದು ಸರ್ವರ್‌ಗಳು ನಿಂತಾಗ ಸುಮಾರು ಎರಡು ವಾರ ಎಲ್ಲವನ್ನೂ ಕೈಯಲ್ಲಿ ಬರೆದು ನಡೆಸಿದರು. ಆ ಡಾಕ್ಟರುಗಳು, ನರ್ಸ್‌ಗಳು ಪಟ್ಟ ಪಾಡನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಈಗ ಕಾನೂನು ಎಲ್ಲಿದೆ ಎಂದು ಓದುಗರಿಗೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದಲ್ಲಿ ರೋಗಿಗಳ ಮಾಹಿತಿ ಕಾಯುವ 1996ರ ಹಿಪಾ ಕಾಯ್ದೆಯ ನಿಯಮಗಳ ಪ್ರಕಾರ, ಮಾಹಿತಿ ಸೋರಿದ್ದು ಗೊತ್ತಾದ ಮೇಲೆ ಹೆಚ್ಚೆಂದರೆ 60 ದಿನದೊಳಗೆ ರೋಗಿಗೆ ತಿಳಿಸಬೇಕು. ಯುರೋಪಿನಲ್ಲಿ ಮಾಹಿತಿ ರಕ್ಷಣೆಯ ನಿಗಾ ಸಂಸ್ಥೆಗೆ ತಿಳಿಸಲು 72 ಗಂಟೆ. ನಮ್ಮಲ್ಲಿ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ಆರು ಗಂಟೆಯೊಳಗೆ ಹೇಳಬೇಕು ಎಂದು 2022ರಲ್ಲಿ ಆದೇಶವಾಯಿತು. ಅದು ಸರ್ಕಾರಕ್ಕೆ ಹೇಳುವ ಮಾತು. ರೋಗಿಗೆ ಹೇಳುವ ಮಾತು ಬಂದಿದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ. ಮಾಹಿತಿ ಸೋರಿದರೆ ಆ ಪ್ರತಿಯೊಬ್ಬ ವ್ಯಕ್ತಿಗೂ ತಿಳಿಸಬೇಕು ಎಂದು ಅದು ಹೇಳುತ್ತದೆ. ಸ್ಪಷ್ಟವಾಗಿ, ಸರಳವಾಗಿ ತಿಳಿಸಬೇಕು ಎಂದು 2025ರ ನಿಯಮಗಳು ಹೇಳುತ್ತವೆ. ಈ ಭಾಗ ಪೂರ್ತಿ ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಹಕ್ಕೂ ಆ ಕಾಯ್ದೆಯಲ್ಲಿದೆ. ಕನ್ನಡ ಅದರಲ್ಲಿದೆ. ಗಡುವು ಮುಗಿಯುವವರೆಗೆ ಕಾಯದೆ ಈಗಲೇ ಕನ್ನಡದಲ್ಲಿ ಕೇಳಿ. ನಿಮಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕಿ ಎಂದು ಕೌಂಟರಿನಲ್ಲಿ ಅವಸರ ಮಾಡಿದರೆ, ನಿಲ್ಲಿ ಎನ್ನಿ.

ಇದಕ್ಕೆಲ್ಲ ಬುನಾದಿ ಹಾಕಿದ್ದು 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳೂ ಒಪ್ಪಿದರು. ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಅವರ ಹೆಸರನ್ನು ಕಾನೂನು ಓದುವವರು ದಿನಾ ಹೇಳುತ್ತೇವೆ. ಪೇಪರ್ ಓದುವವರಿಗೂ ಗೊತ್ತಿರಲಿ ಎಂದು ಬರೆದೆ.

ಮತ್ತೆ ಆ ಹೆಂಗಸಿನ ವಿಷಯಕ್ಕೆ ಬರುತ್ತೇನೆ. ಯಾವ ಫೋಲ್ಡರ್‌ಗಳು ಹೊರಗೆ ಹೋಗಿವೆ ಎಂಬ ಪಟ್ಟಿ ಆ ಹೊತ್ತಿಗೆ ತನಿಖೆ ಮಾಡಿದವರ ಹತ್ತಿರ ಇತ್ತು. ಎಲ್ಲರಿಗೂ ಒಂದೇ ಪತ್ರ ಕಳಿಸುವ ಅವಸರದಲ್ಲಿ ನಾವೇ ಅದನ್ನು ಬಳಸಿರಲಿಲ್ಲ. ಮರುದಿನ ಹುಡುಕಿಸಿದೆ. ಅವರ ಫೈಲ್ ಹೋಗಿತ್ತು. ಫೋನ್ ಮಾಡಿ ಹೇಳಿದೆ, ಸುತ್ತಿಬಳಸದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಾಗಾದ್ರೆ ಇವತ್ತು ರಾತ್ರಿ ನಾನೇ ಅವರಿಗೆ ಹೇಳಿಬಿಡ್ತೀನಿ ಮೇಡಂ. ಬೇರೆ ಯಾರೋ ಹೇಳೋದಕ್ಕಿಂತ ನಾನೇ ಹೇಳೋದು ಮೇಲು ಅಲ್ವಾ?’ ಎಂದರು. ನಾಲ್ಕು ವಾರ ಮುಂಚೆಯೇ ಈ ಅವಕಾಶ ಅವರಿಗೆ ಸಿಗಬೇಕಿತ್ತು. ತಡ ಮಾಡಿದ್ದು ನಾವು. ಅದರಲ್ಲಿ ನನ್ನ ಪಾಲೂ ಇದೆ.

ಅಂದಿನಿಂದ ನಾನು ಬರೆಯುವ ಪತ್ರ ಅರ್ಧ ಪುಟ ದಾಟುವುದಿಲ್ಲ. ‘ಇಂಥ ದಿನ ನಮ್ಮ ಕಂಪ್ಯೂಟರ್‌ಗಳಿಗೆ ಹೊರಗಿನವರು ನುಗ್ಗಿದರು. ನಿಮ್ಮ ಹೆಸರು, ಫೋನ್ ನಂಬರ್, ರಕ್ತಪರೀಕ್ಷೆಯ ರಿಪೋರ್ಟ್‌ಗಳು ಅವರ ಕೈಗೆ ಸಿಕ್ಕಿವೆ. ಬ್ಯಾಂಕ್ ವಿವರ ಸಿಕ್ಕಿಲ್ಲ. ನಿಮ್ಮ ಕಾಯಿಲೆಯ ಬಗ್ಗೆ ಹೇಳಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಪೊಲೀಸರಿಗೂ ನಮಗೂ ತಿಳಿಸಿ. ಇದು ನಮ್ಮ ತಪ್ಪಿನಿಂದ ಆಗಿದೆ. ಈ ನಂಬರಿಗೆ ಫೋನ್ ಮಾಡಿದರೆ ವಿಷಯ ಗೊತ್ತಿರುವವರೇ ಮಾತಾಡುತ್ತಾರೆ.’ ‘ನಮ್ಮ ತಪ್ಪಿನಿಂದ’ ಎಂಬ ಸಾಲಿಗೆ ಪ್ರತಿ ಸಲ ಜಗಳವಾಗುತ್ತದೆ. ಕೆಲವು ಸಲ ಸೋಲುತ್ತೇನೆ. ಉಳಿದ ಸಾಲುಗಳನ್ನು ಬಿಟ್ಟುಕೊಡುವುದಿಲ್ಲ. ಏನು ಹೋಗಿದೆ ಎಂದು ಇನ್ನೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ, ಯಾವಾಗ ಹೇಳುತ್ತೇವೆ ಎಂದು ದಿನಾಂಕ ಹಾಕುತ್ತೇನೆ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದೆ ಇಂಥ ಸುದ್ದಿ ಬಂದಾಗ, ‘ಆತಂಕಪಡುವ ಅಗತ್ಯವಿಲ್ಲ’ ಎಂದು ಆಸ್ಪತ್ರೆ ಹೇಳಿದರೆ, ಅದು ಹೇಗೆ ಗೊತ್ತಾಯಿತು ಎಂದು ನಿಮ್ಮ ವರದಿಗಾರರು ಕೇಳಲಿ. ಯಾವ ಮಾಹಿತಿ ಹೋಗಿದೆ, ರೋಗಿಗಳಿಗೆ ಯಾವಾಗ, ಯಾವ ಭಾಷೆಯಲ್ಲಿ ತಿಳಿಸಿದಿರಿ ಎಂದು ಕೇಳಲಿ. ಉತ್ತರ ಬರದಿದ್ದರೆ ಬರಲಿಲ್ಲ ಎಂದೇ ಅಚ್ಚು ಮಾಡಿ. ಕಳ್ಳರು ನಮೂನೆಗೆಂದು ಹರಿಬಿಟ್ಟ ರಿಪೋರ್ಟ್ ಯಾರಾದರೂ ನಿಮಗೆ ಕಳಿಸಿದರೆ, ಹೆಸರು ಮಸುಕು ಮಾಡಿ ಕೂಡ ಅದರ ಚಿತ್ರ ಹಾಕಬೇಡಿ. ಆ ಕಾಗದ ಯಾರದ್ದೋ ಮನೆಯದ್ದು.

ಕಕ್ಷಿದಾರರ ಗುರುತು ಹೊರಬೀಳಬಾರದೆಂದು ನನ್ನ ಹೆಸರು, ಊರು ಪ್ರಕಟಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ಒಬ್ಬ ವಕೀಲೆ